ಹನ್ನೆರಡು ಕಂಬ, ಹನ್ನೊಂದು ಕಂಬ ಮತ್ತು ನಮ್ಮ ಮನೆ ಮದುವೆಯ ಹೂವು

ಹದಿನೈದು ದಿನದಿಂದ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಂದೇ ಜಗಳ. ಅಕ್ಕನ ಮಗಳ ಮದುವೆ. ಊಟ, ಛತ್ರ, ಬಟ್ಟೆ ಎಲ್ಲ ತೀರ್ಮಾನ ಆಯ್ತು, ಹೂವಿನ ಲೆಕ್ಕ ಮಾತ್ರ ಬಗೆಹರೀಲಿಲ್ಲ. ಹೂವಿಗೆ ಅಂತ 60 ಸಾವಿರ ಎತ್ತಿಟ್ಟಿದ್ದಾರೆ. ಡೆಕೋರೇಷನ್ನವರು ಬಂದು ಮೊಬೈಲಿನಲ್ಲಿ ಫೋಟೊ ತೋರಿಸಿ, ಸ್ಟೇಜಿಗೇ 45 ಸಾವಿರ ಆಗುತ್ತೆ ಅಂದ್ರು. ಆರ್ಕಿಡ್, ಜರ್ಬೆರಾ, ಕಾರ್ನೇಷನ್. ಹೆಸರು ಕೇಳಿ ಭಾವನಿಗೆ ಖುಷಿಯೋ ಖುಷಿ.

ನಾನು ಎಂದಿನಂತೆ ಭಾಷಣ ಶುರು ಮಾಡಿದೆ. ಮಂತ್ರಮಾಂಗಲ್ಯ ಮಾಡಿ, ಎರಡು ಹಾರ ಸಾಕು, ಉಳಿದದ್ದೆಲ್ಲ ದುಂದುವೆಚ್ಚ ಅಂದೆ. ಅಕ್ಕ ಒಂದೇ ಮಾತು ಕೇಳಿದಳು: "ಅಲ್ಲ ಕಣೋ, ನಮ್ಮೋರು ಹೂ ಮುಡ್ಕೊಳೋ ಕಾಲ ಬಂದಾಗಲೇ ನಿಂಗೆ ಸರಳತೆ ನೆನಪಾಯ್ತಾ?"

ಉತ್ತರ ಹೊಳೀಲಿಲ್ಲ. ಆ ರಾತ್ರಿ ಹಳೇ ಪುಸ್ತಕಗಳನ್ನ ತೆಗೆದು ಕೂತೆ. ಓದಿದ್ದನ್ನ ಇಲ್ಲಿ ಬರೀತಿದ್ದೀನಿ, ಸ್ವಲ್ಪ ಉದ್ದ ಇದೆ, ಸಾವಧಾನವಾಗಿ ಓದಿ.

1799ರಲ್ಲಿ ಟಿಪ್ಪು ಬಿದ್ದ ಮೇಲೆ, 1800ರಲ್ಲಿ ಫ್ರಾನ್ಸಿಸ್ ಬುಕನನ್ ಅನ್ನೋ ವೈದ್ಯನನ್ನ ಕಂಪನಿಯವರು ಮೈಸೂರು ಸೀಮೆ ಸುತ್ತಿ ಬಾ ಅಂತ ಕಳಿಸಿದರು. ಅವನು ಬೆಳೆ, ಮಗ್ಗ, ಕಬ್ಬಿಣ, ಜಾತಿ ಎಲ್ಲವನ್ನೂ ಬರೆದುಕೊಂಡ. 1807ರಲ್ಲಿ ಅದು ಪುಸ್ತಕ ಆಯ್ತು. ಬಲಗೈ ಜಾತಿಗಳಿಗೂ ಎಡಗೈ ಜಾತಿಗಳಿಗೂ ಯಾತಕ್ಕೆ ಹೊಡೆದಾಟ ಅಂತ ಅವನು ವಿಚಾರಿಸಿದಾಗ ಸಿಕ್ಕಿದ ಉತ್ತರ ಏನು ಗೊತ್ತಾ? ಹೊಲ ಅಲ್ಲ, ನೀರಲ್ಲ. ಮದುವೆ ಚಪ್ಪರದ ಕಂಬ! ಚಪ್ಪರಕ್ಕೆ ಹನ್ನೆರಡು ಕಂಬ ನೆಡೋ ಹಕ್ಕು ತಮಗೆ ಮಾತ್ರ, ಎಡಗೈಯವರು ಹನ್ನೊಂದೇ ನೆಡಬೇಕು ಅಂತ ಬಲಗೈಯವರ ವಾದ. ಮೆರವಣಿಗೇಲಿ ಕುದುರೆ ಹತ್ತೋದು, ಹನುಮಂತನ ಚಿತ್ರದ ಬಾವುಟ ಹಿಡಿಯೋದು ಕೂಡ ತಮ್ಮ ಸೊತ್ತೇ ಅಂತ.

ಬಲಗೈ ಗುಂಪಿನ ಮುಂದಾಳುಗಳು ವ್ಯಾಪಾರಿ ಬಣಜಿಗರು. ಎಡಗೈ ಗುಂಪಲ್ಲಿ ಪಾಂಚಾಳರು ಮುಂದೆ. ಹೊಲೆಯರು ಬಲಗೈಯ ಬಾಲದಲ್ಲಿ, ಮಾದಿಗರು ಎಡಗೈಯ ಬಾಲದಲ್ಲಿ. ಯಾರದೋ ಹನ್ನೆರಡನೇ ಕಂಬಕ್ಕೆ ಬೀದೀಲಿ ಬಡಿದಾಡಿದವರಲ್ಲಿ ಮುಂದೆ ಇದ್ದವರು ನಮ್ಮವರೇ. ಒಳಮೀಸಲಾತಿ ಚರ್ಚೆಯಲ್ಲಿ ಇವತ್ತೂ ಬಲಗೈ, ಎಡಗೈ ಅಂತ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳೋವಾಗ ನನಗೆ ಆ ಕಂಬ ನೆನಪಾಗುತ್ತೆ. (ಇದರ ಬಗ್ಗೆ ಕಾಮೆಂಟಲ್ಲಿ ಜಗಳ ಬೇಡ, ಅದಕ್ಕೆ ಬೇರೆ ಪೋಸ್ಟ್ ಬರೀತೀನಿ.)

ಅಂದ್ರೆ ಈ ನಾಡಿನಲ್ಲಿ ಮದುವೆಯ ಅಲಂಕಾರ ಬರೀ ಅಲಂಕಾರ ಆಗಿರಲೇ ಇಲ್ಲ. ಯಾರಿಗೆ ಎಷ್ಟು ಅಂತ ಅಳತೆ ಇತ್ತು. ನಮ್ಮಜ್ಜಿ ಮದುವೇಲಿ ಬೇಲಿ ಕಣಗಿಲೆ ಬಿಡಿಸಿ ತಂದು ಹಾರ ಕಟ್ಟಿದ್ದರಂತೆ. ದುಡ್ಡಿರಲಿಲ್ಲ, ಸರಿ. ಆದರೆ ಆ ಹಾರ ಹಾಕ್ಕೊಂಡು ಊರೊಳಗಿನ ಬೀದೀಲಿ ನಡೆಯೋ ಹಂಗಿರಲಿಲ್ಲ. ಮೆರವಣಿಗೆ ಕೇರಿಯಲ್ಲೇ ಹುಟ್ಟಿ ಕೇರಿಯಲ್ಲೇ ಮುಗೀತು. ಅಜ್ಜಿ ಇದನ್ನ ಬೇಜಾರಲ್ಲಿ ಹೇಳ್ತಿರಲಿಲ್ಲ, ನಗ್ತಾ ಹೇಳ್ತಿದ್ದಳು. ಅದೇ ನನಗೆ ಸಂಕಟ. ಹಳೇ ಕಥೆ ಬಿಡಿ ಅನ್ನೋರಿಗೆ: ಉತ್ತರ ಪ್ರದೇಶದ ಕಾಸ್‌ಗಂಜ್ ಜಿಲ್ಲೆಯ ನಿಜಾಂಪುರದಲ್ಲಿ 2018ರಲ್ಲಿ ದಲಿತ ಮದುವೆಯ ದಿಬ್ಬಣ ಠಾಕೂರರ ಬೀದಿ ದಾಟೋಕೆ ಪೊಲೀಸ್ ಕಾವಲು ಬೇಕಾಯ್ತು.

ಹೂವಿನ ವಿಷಯಕ್ಕೆ ಬಂದರೆ ಜೋತಿಬಾ ಅವರನ್ನ ಬಿಟ್ಟು ಮಾತಾಡೋಕಾಗಲ್ಲ. ಅವರ ಮನೆತನದ ಹೆಸರು ಮೊದಲು ಗೋರ್ಹೆ. ಪುಣೆಯ ಪೇಶ್ವೆ ದರ್ಬಾರಿಗೆ ಹೂವು ಒದಗಿಸೋ ಕೆಲಸ ಹಿಡಿದ ಮೇಲೆ ಫುಲೆ ಆಯ್ತು. ಅರಮನೆಯ ಹಾರ, ಹಾಸಿಗೆಯ ಹೂವು ಎಲ್ಲ ಈ ಮಾಲಿಗಳ ಕೈಯಿಂದಲೇ. ಆ ಮನೆಯ ಹುಡುಗ 1848ರಲ್ಲಿ ಬ್ರಾಹ್ಮಣ ಗೆಳೆಯನ ಮದುವೆ ಮೆರವಣಿಗೇಲಿ ಹೆಜ್ಜೆ ಹಾಕಿದಾಗ, ನಮ್ಮ ಜೊತೆ ಸಮಸಮ ನಡೀತೀಯಾ ಅಂತ ಬೈದು ಆಚೆ ಹಾಕಿದರು. ಹೂವು ಒಳಗೆ, ಹೂವಿನವನು ಹೊರಗೆ. 1873ರ ಸೆಪ್ಟೆಂಬರಿನಲ್ಲಿ ಸತ್ಯಶೋಧಕ ಸಮಾಜ ಕಟ್ಟಿದ ಜೋತಿಬಾ, ಅದೇ ವರ್ಷ ಡಿಸೆಂಬರ್ 25ಕ್ಕೆ ಪುರೋಹಿತ ಇಲ್ಲದ, ದಕ್ಷಿಣೆ ಇಲ್ಲದ ಮೊದಲ ಮದುವೆ ಮಾಡಿಸಿದರು. ಗಂಡು ಹೆಣ್ಣು ಒಬ್ಬರಿಗೊಬ್ಬರು ಮಾತು ಕೊಟ್ಟರೆ ಮದುವೆ ಆಯ್ತು.

ಇನ್ನು ಬಾಬಾಸಾಹೇಬರ ಮದುವೆ. 20ನೇ ಶತಮಾನದ ಮೊದಲ ದಶಕ. ಭೀಮರಾವ್ ಇನ್ನೂ ಶಾಲೆ ಹುಡುಗ, ರಮಾಬಾಯಿ ಪುಟ್ಟ ಹುಡುಗಿ. ಛತ್ರ ಹಿಡಿಯೋಕೆ ದುಡ್ಡಿಲ್ಲ. ಮುಂಬಯಿಯ ಬೈಕುಲಾ ಮಾರ್ಕೆಟ್ಟಿನಲ್ಲಿ, ವ್ಯಾಪಾರ ಮುಗಿದ ಮೇಲೆ, ರಾತ್ರಿ ಮದುವೆ. ಒಂದು ಮೂಲೇಲಿ ಗಂಡಿನ ಕಡೆಯವರು, ಇನ್ನೊಂದು ಮೂಲೇಲಿ ಹೆಣ್ಣಿನ ಕಡೆಯವರು. ಮಾಲು ಇಡೋ ಕಲ್ಲು ಜಗಲಿಗಳೇ ಬೆಂಚು, ಪಕ್ಕದಲ್ಲೇ ಕೊಳಚೆ ಹರಿಯೋ ಮೋರಿ. ಬೆಳಗ್ಗೆ ವ್ಯಾಪಾರಿಗಳು ಬರೋದರೊಳಗೆ ಜಾಗ ಖಾಲಿ ಮಾಡಬೇಕಿತ್ತು. ಇದನ್ನ ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಓದಿದಾಗೆಲ್ಲ ನನಗೆ ನಮ್ಮ ದೇವರಾಜ ಮಾರುಕಟ್ಟೆಯ ಕಟ್ಟೆಗಳು ಕಣ್ಮುಂದೆ ಬರ್ತವೆ.

ಇಷ್ಟು ಓದಿದ ಮೇಲೆ ಅಕ್ಕನ ಪ್ರಶ್ನೆ ಇನ್ನಷ್ಟು ಭಾರ ಆಯ್ತು. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನ ಮಂತ್ರಮಾಂಗಲ್ಯದಲ್ಲಿ ಮಾಡಿದ್ದು ದೊಡ್ಡ ಹೆಜ್ಜೆಯೇ. ರೈತಸಂಘದವರು, ದಸಂಸದವರು ಅದೇ ದಾರೀಲಿ ಎಷ್ಟೋ ಮದುವೆ ಮಾಡಿಸಿದ್ದಾರೆ, ನಾನೂ ಚಪ್ಪಾಳೆ ಹೊಡೆದಿದ್ದೀನಿ. ಆದರೆ ಹನ್ನೆರಡು ಕಂಬ ಇದ್ದವನು ಎರಡೇ ಕಂಬ ಸಾಕು ಅಂದ್ರೆ ಅದು ತ್ಯಾಗ. ಕಂಬವೇ ಇಲ್ಲದವನಿಗೆ ಎರಡೇ ಸಾಕು ಅಂದ್ರೆ?

ಹಾಗಂತ ಭಾವನ ಜರ್ಬೆರಾಗೂ ನನ್ನ ಓಟಿಲ್ಲ. ಮದುವೆ ಸಾಲ ನಮಗೆ ಏನು ಮಾಡಿದೆ ಅಂತ ಗೊತ್ತಿರೋದರಿಂದ. ಈ ಸೀಮೆಯ ಜೀತದ ಕಥೆಗಳನ್ನ ಕೆದಕಿ ನೋಡಿ, ಬುಡದಲ್ಲಿ ಒಂದು ಮದುವೆ ಇರುತ್ತೆ. ನಮ್ಮ ಮುತ್ತಾತ ತಂಗಿ ಮದುವೆಗೆ ತಂದ ಸಾಲಕ್ಕೆ ಗೌಡರ ಮನೆ ಸೇರಿದವನು, ತೀರಿಸದೇ ಸತ್ತ. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಸರಳ ಮದುವೆ ನಮಗೆ ಯಾರೋ ಕಲಿಸಿದ ಆದರ್ಶ ಮಾತ್ರ ಅಲ್ಲ, ಪೆಟ್ಟು ತಿಂದು ಕಲಿತ ಪಾಠ ಕೂಡ.

ಹೀಗೆ ನಾನು ಇತಿಹಾಸದ ನಡುವೆ ಸಿಕ್ಕಿ ಹಾಕ್ಕೊಂಡಿರೋವಾಗ ದಾರಿ ತೋರಿಸಿದ್ದು ಮದುಮಗಳೇ.

ಒಂದು ಬೆಳಗ್ಗೆ "ಮಾವ, ಬಾ" ಅಂತ ಮಾರ್ಕೆಟ್ಟಿಗೆ ಎಳ್ಕೊಂಡು ಹೋದಳು. ದೇವರಾಜ ಮಾರುಕಟ್ಟೆ ಗೊತ್ತಲ್ಲ, ಚಿಕ್ಕ ಗಡಿಯಾರದಿಂದ ಧನ್ವಂತರಿ ರಸ್ತೆವರೆಗೆ ಚಾಚಿಕೊಂಡಿದೆ. ನೂರು ವರ್ಷ ದಾಟಿದ ಕಟ್ಟಡ, 2016ರಲ್ಲಿ ಒಂದು ಭಾಗ ಕುಸಿದೂ ಬಿತ್ತು. ಅಲ್ಲಿ ಹೂವಿನ ಸಾಲಲ್ಲಿ ನಿಂತು ಅವಳು ನನಗೆ ಲೆಕ್ಕ ಹೇಳಿಕೊಟ್ಟಳು. ಮಲ್ಲಿಗೆ ಮೊಗ್ಗನ್ನ ಅರಳೋ ಮುಂಚೆ ಬಿಡಿಸಬೇಕು, ಅಂದರೆ ಕೂಲಿ ಹೆಂಗಸರು ನಸುಕಿಗೇ ಎದ್ದು ತೋಟಕ್ಕೆ ಇಳೀಬೇಕು. ಮಂಡಿಗೆ ಕೆಜಿ ಲೆಕ್ಕದಲ್ಲಿ ಬರುತ್ತೆ. ಅಲ್ಲಿಂದ ಕಟ್ಟೋ ಹೆಂಗಸರ ಮಡಿಲಿಗೆ. ಸಂಜೆಯೊಳಗೆ ಕಟ್ಟಿ ಮುಗಿಸಬೇಕು, ಇಲ್ಲದಿದ್ದರೆ ಅರಳಿ ಹಾಳು. ಕಟ್ಟಿದ್ದು ಮೊಳ, ಮಾರು ಲೆಕ್ಕದಲ್ಲಿ ಹೋಗುತ್ತೆ. ಮೈಸೂರು ಮಲ್ಲಿಗೆಗೆ ಜಿ.ಐ. ಟ್ಯಾಗ್ ಇದೆ, 1942ರಿಂದ ಕೆ.ಎಸ್.ನ. ಅವರ ಕವನ ಸಂಕಲನಕ್ಕೂ ಅದೇ ಹೆಸರು. ಕಟ್ಟೋ ಬೆರಳಿಗೆ ಮಾತ್ರ ಹೆಸರೇ ಇಲ್ಲ.

ಆಮೇಲೆ ಅವಳು ಕೇಳಿದಳು: "ಸ್ಟೇಜಿನ ಹೂವು ಮಾರನೇ ದಿನ ಎಲ್ಲಿಗೆ ಹೋಗುತ್ತೆ, ಹೇಳು ಮಾವ?"

ಎಲ್ಲಿಗೆ ಹೋಗುತ್ತೆ? ಛತ್ರದ ಹಿಂದೆ. ಹೂ ಚುಚ್ಚೋ ಹಸಿರು ಫೋಮು, ತಂತಿ, ಪ್ಲಾಸ್ಟಿಕ್ ಎಲೆ ಸಮೇತ. ಬೆಳಗ್ಗೆ ಅದನ್ನ ಎತ್ತೋರು ಪೌರಕಾರ್ಮಿಕರು. ಮೈಸೂರಿಗೆ 2016ರಲ್ಲಿ ದೇಶದ ಸ್ವಚ್ಛ ನಗರ ಅಂತ ಮೊದಲ ಸ್ಥಾನ ಬಂದಾಗ ಹಾರ ಹಾಕಿಸ್ಕೊಂಡವರು ಯಾರು, ಆ ಹಾರವನ್ನೂ ಮಾರನೇ ದಿನ ಗುಡಿಸಿದವರು ಯಾರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಕೊನೆಗೆ ತೀರ್ಮಾನ ಹೀಗಾಯ್ತು. ಸ್ಟೇಜಿಗೆ 8 ಸಾವಿರ: ನೀಲಿ ಬಟ್ಟೆ, ಬಾಳೆಕಂದು, ಮಾವಿನ ಸೊಪ್ಪು, ಬುದ್ಧ, ಬಾಬಾಸಾಹೇಬರು, ಸಾವಿತ್ರಿಬಾಯಿ ಫೋಟೊಗಳಿಗೆ ಚೆಂಡುಹೂವಿನ ಹಾರ. ಗಂಡು ಹೆಣ್ಣಿಗೂ ಹಿರಿಯರಿಗೂ ಸುಗಂಧರಾಜದ ಹಾರ, 5 ಸಾವಿರ. 25 ಸಾವಿರ ಮಲ್ಲಿಗೆಗೆ. ಬರೋ ಹೆಂಗಸರಿಗೆಲ್ಲ ಮುಡಿಯೋಕೆ, ಅಡಿಗೆಯವರಿಗೂ, ಎಲೆ ಎತ್ತೋರಿಗೂ. ಕಟ್ಟೋದು ನಮ್ಮ ಬೀದಿಯ ಹೆಣ್ಮಕ್ಕಳು. ಉಪಕಾರಕ್ಕಲ್ಲ, ಮಾರಿಗಿಷ್ಟು ಅಂತ ಮೊದಲೇ ಮಾತಾಡಿ ಕೂಲಿ ಕೊಟ್ಟು. ಮಿಕ್ಕ 22 ಸಾವಿರ ಅವಳ ಬಿ.ಎಡ್. ಫೀಸಿಗೆ. ಭಾವ ಇನ್ನೂ "ಫೋಟೊದಲ್ಲಿ ಖಾಲಿ ಕಾಣುತ್ತೆ" ಅಂತ ಗೊಣಗ್ತಾನೇ ಇದ್ದಾರೆ.

ಮುಹೂರ್ತ ನಮಗಿಲ್ಲ, ಹಾಗಾಗಿ ಆಷಾಢದಲ್ಲೇ ಇಟ್ಟಿದ್ದೀವಿ. ಊರಿನವರು ಆ ತಿಂಗಳು ಮದುವೆ ಮಾಡಲ್ಲ, ಛತ್ರ ಖಾಲಿ, ಮಲ್ಲಿಗೆ ರೇಟೂ ಇಳಿದಿರುತ್ತೆ. ಶುಕ್ರವಾರ ಮಾತ್ರ ಬಿಡಬೇಕು, ಅವತ್ತು ಹೂವೆಲ್ಲ ಚಾಮುಂಡಿಬೆಟ್ಟ ಹತ್ತುತ್ತೆ.

ಹುಡುಗಿ ಇನ್ನೊಂದು ಷರತ್ತು ಹಾಕಿದ್ದಾಳೆ. ಹೂವಿನ ತಟ್ಟೆ ಮೊದಲು ಹೋಗಬೇಕಾದ್ದು ಗಂಡ ಇಲ್ಲದ ಹೆಂಗಸರ ಹತ್ರ. ಗುಂಪಿನಲ್ಲಿ ಇದನ್ನ ಹಾಕಿದಾಗ ಒಂದು ದಿನ ಯಾರೂ ಏನೂ ಅನ್ನಲಿಲ್ಲ. ದೊಡ್ಡಪ್ಪ ಹೋಗಿ ಹತ್ತೊಂಬತ್ತು ವರ್ಷ ಆಯ್ತು, ದೊಡ್ಡಮ್ಮನಿಗೆ ಟೈಪ್ ಮಾಡೋಕೆ ಬರಲ್ಲ. ನಿನ್ನೆ ರಾತ್ರಿ ವಾಯ್ಸ್ ಮೆಸೇಜ್ ಕಳಿಸಿದ್ದಾಳೆ: "ನಂಗೆ ಕಾಕಡ ಗೀಕಡ ಕೊಡಬೇಡಿ ಕಣ್ರಪ್ಪಾ. ಮಲ್ಲಿಗೆನೇ ಇರ್ಲಿ. ಎರಡು ಮೊಳ ಎತ್ತಿಟ್ಟಿರಿ."

ಜೈಭೀಮ್.