ವಾಡಿಕೆಯ ಪರೀಕ್ಷೆಯೂ ರೋಗಿಯ ಸಮ್ಮತಿಯೂ

ವೈದ್ಯನು ರೋಗಿಯ ನಾಡಿಯನ್ನು ಹಿಡಿಯುವಾಗ ಅನುಮತಿಯನ್ನು ಬೇಡುವುದಿಲ್ಲ. ರೋಗಿಯು ಕೈ ನೀಡಿದುದೇ ಸಮ್ಮತಿಯೆಂದು ಎಣಿಸುವನು. ಎಚ್.ಐ.ವಿ. ಪರೀಕ್ಷೆಯು ಮಾತ್ರ ಬಹುಕಾಲ ಈ ಸಾಮಾನ್ಯ ನಿಯಮಕ್ಕೆ ಹೊರತಾಗಿದ್ದಿತು. ಆ ಹೊರತು ಏತಕ್ಕೆ ಹುಟ್ಟಿತು, ಹೇಗೆ ಸಡಿಲಿತು ಎಂಬುದು ದಕ್ಷಿಣ ಆಫ್ರಿಕಾ ಖಂಡಭಾಗದ ಬೋಟ್ಸ್ವಾನಾ ದೇಶದ ವೃತ್ತಾಂತದಿಂದ ವಿಶದವಾಗುತ್ತದೆ.

ಈ ರೋಗವು ವೈದ್ಯರ ಗಮನಕ್ಕೆ ಬಂದುದು ೧೯೮೧ರಲ್ಲಿ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯವರು ಅದರ ವೈರಾಣುವನ್ನು ಕಂಡುಹಿಡಿದುದು ೧೯೮೩ರಲ್ಲಿ. ರಕ್ತಪರೀಕ್ಷೆಗೆ ಅಮೆರಿಕದಲ್ಲಿ ೧೯೮೫ರ ಮಾರ್ಚಿ ತಿಂಗಳಲ್ಲಿ ಅನುಮತಿ ದೊರೆಯಿತು. ದಾನವಾಗಿ ಬಂದ ರಕ್ತವನ್ನು ಶೋಧಿಸುವುದೇ ಅದರ ಮೊದಲ ಪ್ರಯೋಜನ. ರೋಗಿಗಾದರೋ ಅದರಿಂದ ಲಾಭವು ಅಲ್ಪವಾಗಿದ್ದಿತು. ಏಕೆಂದರೆ ಆಗ ತಕ್ಕ ಔಷಧವಿರಲಿಲ್ಲ. ಹಾನಿಯು ಮಾತ್ರ ಪ್ರತ್ಯಕ್ಷವಾಗಿದ್ದಿತು: ಉದ್ಯೋಗ, ವಸತಿ, ಬಂಧುಜನರ ಆದರ ಇವೆಲ್ಲವೂ ಕೈಬಿಟ್ಟುಹೋಗಬಹುದು. ಆದುದರಿಂದ ಪರೀಕ್ಷೆಗೆ ಮುಂಚೆ ಸಮಾಲೋಚನೆ, ಪ್ರತ್ಯೇಕ ಸಮ್ಮತಿ, ಫಲದ ಗೋಪನ ಎಂಬ ಮೂರು ಕಟ್ಟುಗಳು ಏರ್ಪಟ್ಟವು.

ಔಷಧವು ದೊರೆತೊಡನೆ ಈ ತಕ್ಕಡಿಯು ವಾಲಿತು. ಜಿಡೋವುಡಿನ್ ಎಂಬ ಔಷಧದಿಂದ ತಾಯಿಯಿಂದ ಶಿಶುವಿಗೆ ರೋಗವಂಟುವುದು ಮೂರರಲ್ಲಿ ಸುಮಾರು ಎರಡು ಪಾಲು ತಗ್ಗುವುದೆಂದು ೧೯೯೪ರಲ್ಲಿ ತಿಳಿಯಿತು. ೧೯೯೬ರಿಂದ ಹಲವು ಔಷಧಗಳ ಸಂಯೋಗವು ಪ್ರಾಣವನ್ನು ಉಳಿಸತೊಡಗಿತು. ಅಂದಿನಿಂದ ತಿಳಿಯದಿರುವುದೇ ಹೆಚ್ಚಿನ ಅಪಾಯವಾಯಿತು.

ಬೋಟ್ಸ್ವಾನಾ ಸರಕಾರವು ೨೦೦೨ರ ಜನವರಿಯಲ್ಲಿ ‘ಮಾಸಾ’ ಎಂಬ ಹೆಸರಿನಿಂದ ಧರ್ಮಾರ್ಥ ಚಿಕಿತ್ಸೆಯನ್ನು ಆರಂಭಿಸಿತು. ಸೆಟ್ಸ್ವಾನಾ ಭಾಷೆಯಲ್ಲಿ ಆ ಪದಕ್ಕೆ ಹೊಸ ಬೆಳಗೆಂದು ಅರ್ಥ. ಆದರೆ ಔಷಧವು ಕಾದಿದ್ದರೂ ಜನರು ತಡೆದು ಬಂದರು. ಅನೇಕರು ರೋಗವು ಉಲ್ಬಣಿಸಿದ ಮೇಲೆಯೇ ಬಂದರು. ಇದನ್ನು ಕಂಡು ಅಧ್ಯಕ್ಷ ಫೆಸ್ಟಸ್ ಮೊಗೈ ಅವರ ಸರಕಾರವು ೨೦೦೪ರ ಆದಿಯಲ್ಲಿ ಪರೀಕ್ಷೆಯನ್ನು ವೈದ್ಯಸೇವೆಯ ವಾಡಿಕೆಯ ಅಂಗವನ್ನಾಗಿ ಮಾಡಿತು. ಬೇಡವೆಂದವರನ್ನು ಬಿಡುವುದು, ಸುಮ್ಮನಿದ್ದವರನ್ನು ಪರೀಕ್ಷಿಸುವುದು ಎಂಬುದೇ ಈ ಕ್ರಮದ ಸಾರ. ಫ್ರಾನ್ಸಿಸ್‌ಟೌನಿನ ಬಸುರಿಯರ ಚಿಕಿತ್ಸಾಲಯಗಳಲ್ಲಿ ಪರೀಕ್ಷಿಸಿಕೊಂಡವರ ಪ್ರಮಾಣವು ಕೆಲವೇ ತಿಂಗಳಲ್ಲಿ ನೂರಕ್ಕೆ ಸುಮಾರು ೭೫ರಿಂದ ೯೦ಕ್ಕೆ ಏರಿತು.

ಆದರೆ ಮೌನವನ್ನು ಸಮ್ಮತಿಯೆಂದು ಗ್ರಹಿಸುವುದು ಎಷ್ಟರಮಟ್ಟಿಗೆ ನ್ಯಾಯ? ೨೦೦೪ರಲ್ಲಿಯೇ ೧,೨೬೮ ಮಂದಿ ವಯಸ್ಕರನ್ನು ವಿಚಾರಿಸಿದಾಗ ನೂರಕ್ಕೆ ೮೧ ಮಂದಿ ಈ ಪದ್ಧತಿಯನ್ನು ಮೆಚ್ಚಿದರು; ಆದರೆ ೬೮ ಮಂದಿ ತಾವು ಪರೀಕ್ಷೆಯನ್ನು ನಿರಾಕರಿಸಲಾರೆವೆಂದು ಭಾವಿಸಿದ್ದರು. ಮೆಚ್ಚುಗೆಯೂ ನಿರ್ಬಂಧಭಾವವೂ ಒಂದೇ ಜನರಲ್ಲಿ ಕೂಡಿದ್ದುವೆಂಬುದನ್ನು ಇಲ್ಲಿ ಗಮನಿಸಬೇಕು.

ಅಮೆರಿಕದ ರೋಗನಿವಾರಣಾ ಕೇಂದ್ರವು ೨೦೦೬ರಲ್ಲಿ ೧೩ರಿಂದ ೬೪ ವರ್ಷ ವಯಸ್ಸಿನವರಿಗೆ ಇಂತಹ ಕ್ರಮವನ್ನೇ ಸೂಚಿಸಿತು. ೨೦೦೭ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ವೈದ್ಯರೇ ಮುಂದಾಗಿ ಪರೀಕ್ಷೆಯನ್ನು ಸೂಚಿಸಬೇಕೆಂದು ಹೇಳಿತು. ಭಾರತದಲ್ಲಿ ೨೦೧೭ರ ಶಾಸನವು ತಿಳಿದು ಕೊಟ್ಟ ಸಮ್ಮತಿಯನ್ನು ಅವಶ್ಯವೆಂದು ವಿಧಿಸಿತು. ಬೋಟ್ಸ್ವಾನಾ ದೇಶವು ಶಿಶುಗಳಿಗೆ ರೋಗವಂಟುವುದನ್ನು ತಡೆಯುವುದರಲ್ಲಿ ಸಾಧಿಸಿದ ಪ್ರಗತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಮನ್ನಿಸಿತು. ಆ ಫಲಕ್ಕೆ ಔಷಧದಷ್ಟೇ ಪರೀಕ್ಷೆಯ ವಾಡಿಕೆಯೂ ಕಾರಣವಾಯಿತು. ಆದರೆ ವಾಡಿಕೆಯು ಪ್ರಶ್ನೆಯನ್ನು ಸುಲಭಗೊಳಿಸಬಹುದೇ ಹೊರತು ಉತ್ತರ ಕೊಡುವ ಹಕ್ಕನ್ನು ರೋಗಿಯಿಂದ ಕಸಿಯಲಾಗದು.