ಐದು ಕಚೇರಿಗಳ ನಡುವಣ ಗುಪ್ತಪಥ

ಭೀಮಾ ಮತ್ತು ಕೃಷ್ಣಾ ನದಿಗಳ ನಡುವೆ, ಡೋಣಿ ಹೊಳೆಯ ಎರೆನೆಲವನ್ನು ಒಡಲೊಳಗಿಟ್ಟುಕೊಂಡು ಹಬ್ಬಿರುವ ವಿಜಯಪುರ (ಹಿಂದಿನ ವಿಜಾಪುರ) ಜಿಲ್ಲೆಯಲ್ಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಹಳೆಯ ತಾಲೂಕು ಪಟ್ಟಣಗಳು ಜಿಲ್ಲಾಕೇಂದ್ರದಿಂದ ಸುಮಾರು 40ರಿಂದ 80 ಕಿಲೋಮೀಟರುಗಳ ಅಂತರದಲ್ಲಿ, ಒಂದಕ್ಕೊಂದು ದೂರವಾಗಿಯೇ ನಿಂತಿರುವುವು. ಇವುಗಳ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಬಸವಣ್ಣನವರ ಜನ್ಮಭೂಮಿಯನ್ನೂ, ಆದಿಲಶಾಹಿಯ ವೈಭವವನ್ನೂ, 1565ರ ಕಾಳಗಕ್ಕೆ ಹೆಸರಿತ್ತ ತಾಳಿಕೋಟೆಯನ್ನೂ ನೆನೆದು ಅಲ್ಲಿಗೇ ತೃಪ್ತರಾಗುವರು. ನನ್ನ ಕುತೂಹಲವಾದರೋ ಅಷ್ಟು ಉನ್ನತವಾದುದಲ್ಲ. ಒಂದು ಕಚೇರಿಯ ಬರಹವು ಇನ್ನೊಂದು ಕಚೇರಿಗೆ, ನಡುದಾರಿಯಲ್ಲಿ ಪರರ ಕಣ್ಣಿಗೆ ಬೀಳದೆ, ಪರರ ಕೈಯಿಂದ ತಿದ್ದಿಸಿಕೊಳ್ಳದೆ ತಲಪುವುದೆಂತು ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ನಾನು ಅರಸುತ್ತಿರುವೆನು. ಇಂದಿನ ಉತ್ತರದ ಹೆಸರು ವಿಪಿಎನ್: ಎಲ್ಲರೂ ಸಂಚರಿಸುವ ಅಂತರಜಾಲದೊಳಗೇ ಎರಡು ಸ್ಥಳಗಳಿಗೆ ಮಾತ್ರ ಮೀಸಲಾದ ಒಂದು ಅದೃಶ್ಯ ಸುರಂಗ.

ಮೊದಲ ಕಾಲದಲ್ಲಿ ಗುಟ್ಟು ನೆಲೆಸಿದ್ದುದು ಹಾದಿಯಲ್ಲಲ್ಲ, ಮನುಷ್ಯನಲ್ಲಿ. 1818ರಲ್ಲಿ ಪೇಶ್ವೆಯ ಪತನದ ತರುವಾಯ ಸಾತಾರದ ಅರಸರ ಕೈಸೇರಿ, 1848ರಲ್ಲಿ ಆ ಸಂಸ್ಥಾನವೇ ಅಳಿದಾಗ ಕುಂಪಣಿಯ ವಶವಾದ ವಿಜಾಪುರದ ಸುತ್ತಿನ ಗ್ರಾಮಗಳಲ್ಲಿ, ಹೊಲದ ಲೆಕ್ಕವು ವಂಶಪಾರಂಪರ್ಯದ ಕುಲಕರ್ಣಿಯ ಮನೆಯ ದಫ್ತರದಲ್ಲಿ, ಕೆಂಪು ರುಮಾಲಿನ ಗಂಟಿನೊಳಗೆ ಮಲಗಿರುತ್ತಿತ್ತು. ಅದರ ಲಿಪಿಯು ಬಹುಮಟ್ಟಿಗೆ ಮೋಡಿ. ಬರೆಯುವವನ ಲೇಖನಿ ಮೇಲೇಳದಂತೆ ಸಂಕೋಲೆಯಾಗಿ ಹೆಣೆದುಕೊಂಡು ಹೋಗುವ ಆ ಅಕ್ಷರಗಳನ್ನು, ಕನ್ನಡವನ್ನೇ ಓದಲರಿಯದ ರೈತನು ಓದುವನೆಂಬ ಮಾತೆಲ್ಲಿಯದು? ತನ್ನ ಹೊಲವೆಷ್ಟು, ತನ್ನ ಬಾಕಿಯೆಷ್ಟು ಎಂಬುದನ್ನು ಅವನು ಕುಲಕರ್ಣಿಯ ಬಾಯಿಂದಲೇ ಕೇಳಿ ತಿಳಿಯಬೇಕಾಗಿತ್ತು. ಮೋಜಣಿಯವರು ಬಂದು ಸರಪಳಿ ಎಳೆದರು, ಸರ್ವೆ ನಂಬರುಗಳನ್ನು ಕೊಟ್ಟರು; 1874ರ ವತನ ಕಾಯಿದೆಯು ಆ ಹುದ್ದೆಯನ್ನು ನಿಯಮದೊಳಕ್ಕೆ ತಂದಿತು; 1903ರ ಮುಂಬಯಿ ಕಾಯಿದೆಯು ಹಕ್ಕುಗಳ ದಾಖಲೆಯೊಂದನ್ನು ನಿರ್ಮಿಸಿತು. ಆದರೂ ಕಾಗದವನ್ನು ಕಾಯುವವನೇ ಕಾಗದವನ್ನು ತಿದ್ದಬಲ್ಲವನೂ ಆಗಿದ್ದನು. ಕುಲಕರ್ಣಿಗಳೆಲ್ಲರೂ ವಂಚಕರಾಗಿದ್ದರೆಂದು ನಾನು ಹೇಳಲಾರೆ. ಅನೇಕರು ಬರಗಾಲದಲ್ಲಿ ರೈತನ ಪರವಾಗಿ ಅರ್ಜಿ ಬರೆದುಕೊಟ್ಟವರೇ ಆಗಿರಬೇಕು. ವ್ಯವಸ್ಥೆಯು ಅವರ ಸಜ್ಜನಿಕೆಯೊಂದನ್ನೇ ಆಧರಿಸಿ ನಿಂತಿತ್ತೆಂಬುದೇ ನನ್ನ ಆಕ್ಷೇಪ.

1864ರಲ್ಲಿ ಕಲಾದಗಿ ಕೇಂದ್ರವಾಗಿ ಜಿಲ್ಲೆಯು ರೂಪುಗೊಂಡು, 1885ರ ಸುಮಾರಿಗೆ ಆ ಕೇಂದ್ರವು ವಿಜಾಪುರದ ಹಳೆಯ ಅರಮನೆಗಳಿಗೆ ಸ್ಥಳಾಂತರಗೊಂಡಿತು. ಅದೇ ವರ್ಷಗಳಲ್ಲಿ ಹೊಟಗಿಯಿಂದ ಗದಗಿನವರೆಗೆ ಮೀಟರ್ ಗೇಜ್ ರೈಲುದಾರಿ ಹಾಯಿತು, ಅದರ ಪಕ್ಕದಲ್ಲಿಯೇ ತಂತಿಕಂಬಗಳು ನಿಂತವು. ಆದರೆ ದಾರಿಯು ಊರುಗಳನ್ನು ಹುಡುಕಿಕೊಂಡು ಬರಲಿಲ್ಲ. ಇಂಡಿಗೆ ದೊರೆತುದು ಊರಿಂದ ದೂರದ ‘ಇಂಡಿ ರೋಡ್’ ನಿಲ್ದಾಣ, ಬಾಗೇವಾಡಿಗೆ ದೊರೆತುದು ತೆಲಗಿಯ ಬಳಿಯ ‘ಬಸವನ ಬಾಗೇವಾಡಿ ರೋಡ್’; ಸಿಂದಗಿ, ಮುದ್ದೇಬಿಹಾಳಗಳಿಗೆ ರೈಲಿನ ಸಿಳ್ಳು ಕೇಳುವ ಯೋಗವೂ ಒದಗಲಿಲ್ಲ. ಸರಕಾರದ ಟಪಾಲು ಮೊಹರು ಹಾಕಿದ ಲಕೋಟೆಗಳಲ್ಲಿ, ಹಗಲೆಲ್ಲ ಬಿಸಿಲಿನಲ್ಲಿ ನಡೆದು ಬರಬೇಕಾಯಿತು. ತಂತಿಯಲ್ಲಿ ಸುದ್ದಿ ವೇಗವಾಗಿ ಸಾಗುತ್ತಿತ್ತಾದರೂ ಅದನ್ನು ಬಡಿಯುವವನು ಓದದೆ ಬಡಿಯಲಾರನು. ಆದುದರಿಂದಲೇ ಸರಕಾರವೂ ದೊಡ್ಡ ವ್ಯಾಪಾರಿಗಳೂ ಸಂಕೇತಪುಸ್ತಕಗಳನ್ನು ಇಟ್ಟುಕೊಂಡಿದ್ದರು. ಟ್ರಂಕ್ ಕಾಲಿನ ಕಾಲ ಬಂದಾಗಲೂ ಎಕ್ಸ್‌ಚೇಂಜಿನಲ್ಲಿ ಕುಳಿತವರ ಕಿವಿಯನ್ನು ದಾಟಿಯೇ ಮಾತು ಹೋಗಬೇಕಾಗಿತ್ತು. ಆ ಮಧ್ಯವರ್ತಿಯನ್ನು ಹಳ್ಳಿಗಳಿಂದ ಕಳಚಿದ, ಸರಕಾರದ ದೂರಸಂಪರ್ಕ ಸಂಶೋಧನಾಕೇಂದ್ರವಾದ ಸಿ-ಡಾಟ್‌ನ ಸ್ವಯಂಚಾಲಿತ ಗ್ರಾಮೀಣ ಎಕ್ಸ್‌ಚೇಂಜುಗಳಲ್ಲಿ ಮೊದಲನೆಯದು 1986ರಲ್ಲಿ ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿಯೇ ನಿಂತಿತೆಂಬುದನ್ನು ಇಲ್ಲಿ ಅಭಿಮಾನದಿಂದ ಹೇಳಿಬಿಡುವೆನು.

ಕುಲಕರ್ಣಿ ವತನಗಳನ್ನು ರದ್ದುಮಾಡಿದ ಮುಂಬಯಿ ಸರಕಾರದ 1950ರ ಕಾಯಿದೆಯ ಮೂಲಕ ದಫ್ತರವು ಮನೆಯನ್ನು ಬಿಟ್ಟು ಸಂಬಳದ ತಲಾಠಿಯ ಕೈಗೆ ಬಂದಿತು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಮುಂದಿನ ದೊಡ್ಡ ಪಲ್ಲಟವೆಂದರೆ ‘ಭೂಮಿ’. ಕಂದಾಯ ಇಲಾಖೆಯ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ಈ ಯೋಜನೆಯು ತಾಲೂಕು ಕಚೇರಿಗಳಲ್ಲಿ ಕಿಟಕಿಯೊಂದನ್ನು ತೆರೆದು, ನಮ್ಮ ಕಡೆ ಉತಾರವೆಂದು ಕರೆಯುವ ಆ ಕಾಗದವನ್ನು 15 ರೂಪಾಯಿಗೆ ಅಚ್ಚುಹಾಕಿ ಕೊಡತೊಡಗಿತು. ಕೈಬರಹದ ಉತಾರಕ್ಕೆ ಮಾನ್ಯತೆ ಹೋಯಿತು. ತಿದ್ದುಪಡಿ ಮಾಡುವ ಸಿಬ್ಬಂದಿ ಬೆರಳಚ್ಚನ್ನು ಒತ್ತಿಯೇ ಯಂತ್ರದೊಳಗೆ ಪ್ರವೇಶಿಸಬೇಕಾಯಿತು. ಆದರೆ ಆರಂಭದಲ್ಲಿ ಒಂದೊಂದು ತಾಲೂಕಿನ ಯಂತ್ರವೂ ಒಂದೊಂದು ದ್ವೀಪ. ಮುದ್ದೇಬಿಹಾಳದ ಸರ್ವರಿನಲ್ಲಿದ್ದುದು ಮುದ್ದೇಬಿಹಾಳದಲ್ಲಿಯೇ. ದ್ವೀಪಗಳನ್ನು ಕೂಡಿಸುವ ಸೇತುವೆಗಳಲ್ಲಿ ಮೊದಲಿಗೆ ಬಂದುದು ಆಕಾಶಮಾರ್ಗ: ಖಜಾನೆಗಳನ್ನು ಬೆಂಗಳೂರಿಗೆ ಜೋಡಿಸಿದ ‘ಖಜಾನೆ’ ಯೋಜನೆಯು 2002ರ ಸುಮಾರಿಗೆ ವಿ-ಸ್ಯಾಟ್ ಉಪಗ್ರಹ ತಟ್ಟೆಗಳನ್ನೇ ನೆಚ್ಚಿಕೊಂಡಿತ್ತು.

ನೆಲದ ಮೇಲೆ ಪ್ರತ್ಯೇಕ ಬಾಡಿಗೆ ತಂತಿಯನ್ನು ಎಳೆಸುವುದು ಶ್ರೀಮಂತರಿಗೆ ಮಾತ್ರ ಸಾಧ್ಯವಾದ ಕಾರ್ಯ. ಈ ಕಷ್ಟವು ನಮ್ಮೊಬ್ಬರದೇ ಆಗಿರಲಿಲ್ಲ. ಲೋಕದ ಎಲ್ಲೆಡೆಯೂ ಕಚೇರಿಗಳು ಅದನ್ನೇ ಅನುಭವಿಸುತ್ತಿದ್ದುವು. ಅದರ ಪರಿಹಾರದ ಬೀಜವನ್ನು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ಇಬ್ಬರು ವಿದ್ವಾಂಸರು ಬಿತ್ತಿದರು: ಎಂದೂ ಭೇಟಿಯಾಗದ ಇಬ್ಬರು, ಎಲ್ಲರೂ ಕೇಳುತ್ತಿರುವಾಗಲೇ ಸಂಖ್ಯೆಗಳನ್ನು ವಿನಿಮಯ ಮಾಡಿಕೊಂಡು, ಕೇಳಿದವರಾರಿಗೂ ತಿಳಿಯದ ಸಮಾನ ಕೀಲಿಯೊಂದನ್ನು ಪಡೆಯಬಹುದೆಂದು ಅವರು ಗಣಿತದಿಂದ ತೋರಿಸಿದರು. 1995ರಲ್ಲಿ ಐಪಿಸೆಕ್ ಎಂಬ ನಿಯಮಾವಳಿಯ ಮೊದಲ ಪಾಠವೂ 1998ರಲ್ಲಿ ಅದರ ಪರಿಷ್ಕೃತ ಪಾಠವೂ ಪ್ರಕಟವಾದುವು. 2001ರಲ್ಲಿ ಓಪನ್‌ವಿಪಿಎನ್, ಬಹುಕಾಲಾನಂತರ 2020ರಲ್ಲಿ ಲಿನಕ್ಸ್‌ನ ಗರ್ಭದೊಳಕ್ಕೇ ಸೇರಿಕೊಂಡ ವೈರ್‌ಗಾರ್ಡ್ ಬಂದುವು. ಇವೆಲ್ಲದರ ತತ್ತ್ವವು ಒಂದೇ. ಒಳಗಿನ ಲಕೋಟೆಗೆ ಗೂಢಲಿಪಿಯ ಮೊಹರನ್ನೊತ್ತಿ, ಅದನ್ನು ಹೊರವಿಳಾಸ ಮಾತ್ರ ಕಾಣುವ ಇನ್ನೊಂದು ಲಕೋಟೆಯೊಳಗಿಟ್ಟು ಸಾಮಾನ್ಯ ಟಪಾಲಿಗೆ ಹಾಕುವುದು.

ತತ್ತ್ವವು ಎಷ್ಟು ಸುಲಭವೋ ಸ್ಥಾಪನೆಯು ಅಷ್ಟೇ ಕ್ಲಿಷ್ಟ. ಅದನ್ನು ತುಸು ವಿಸ್ತರಿಸಿಯೇ ಹೇಳತಕ್ಕುದು. ಸಿಂದಗಿಗೂ ಇಂಡಿಗೂ ನಡುವೆ ಸುರಂಗವೊಂದನ್ನು ಕೊರೆಯಬೇಕೆಂದು ಇಟ್ಟುಕೊಳ್ಳೋಣ. ಎರಡೂ ಕಡೆಯ ರೌಟರುಗಳಿಗೆ ಪರಸ್ಪರರ ಹೊರವಿಳಾಸವನ್ನು ಕಲಿಸಬೇಕು. ಬಳಿಕ ಒಳವಿಳಾಸಗಳ ಹಂಚಿಕೆ: ಖಾಸಗಿ ಬಳಕೆಗೆಂದು 1996ರಲ್ಲಿ ಮೀಸಲಾದ ಅಂಕೆಗಳೊಳಗೆ ಒಂದೊಂದು ಊರಿಗೆ ಒಂದೊಂದು ಪಾಲು. ಇದನ್ನು ಯೋಚಿಸದೆ, ಕಾರ್ಖಾನೆಯಿಂದ ಬಂದ 192.168.1 ಎಂಬ ಅಂಕೆಯನ್ನೇ ಎರಡು ಕಡೆಗಳಲ್ಲಿಯೂ ಉಳಿಸಿಕೊಂಡರೆ, ಸಿಂದಗಿಯ ಯಂತ್ರವು ಇಂಡಿಯನ್ನು ಹುಡುಕುತ್ತ ತನ್ನ ಕೋಣೆಯಲ್ಲಿಯೇ ಸುತ್ತುತ್ತಿರುವುದು. ಗೂಢಲಿಪಿಯ ಜಾತಿ, ಮುದ್ರೆಯ ಗಣಿತ ಇವೆರಡೂ ಉಭಯ ಪಕ್ಷಗಳಲ್ಲಿ ಒಂದೇ ಆಗಿರಬೇಕು. ಇವು ಹೊಂದದಿದ್ದರೆ ಮಾತುಕತೆ ಮುರಿದು ಬೀಳುವುದು, ಅದೂ ಅನೇಕ ವೇಳೆ ಸ್ಪಷ್ಟ ಕಾರಣ ಹೇಳದೆ. ನಡುವೆ ವಿಳಾಸ ಬದಲಿಸುವ ಯಂತ್ರವೊಂದಿದ್ದಲ್ಲಿ 500 ಮತ್ತು 4500 ಎಂಬ ದ್ವಾರಗಳು ತೆರೆದಿವೆಯೇ ಎಂದು ನೋಡಬೇಕು. ಪ್ರಮಾಣಪತ್ರಗಳನ್ನು ಬಳಸುವೆಡೆ ಗಡಿಯಾರವೂ ಮುಖ್ಯ: ಹಳೆಯ ಗಣಕಯಂತ್ರದೊಳಗಣ ನಾಣ್ಯದಾಕಾರದ ಬ್ಯಾಟರಿ ಸತ್ತು ಅದರ ದಿನಾಂಕ ಹತ್ತಾರು ವರ್ಷ ಹಿಂದಕ್ಕೆ ಜಾರಿದರೆ, ಪ್ರಮಾಣಪತ್ರವು ಇನ್ನೂ ಹುಟ್ಟಿಲ್ಲವೆಂದು ಭಾವಿಸಿ ಯಂತ್ರವು ಬಾಗಿಲು ಮುಚ್ಚುವುದು. ಎಲ್ಲಕ್ಕಿಂತ ಕುಟಿಲವಾದುದು ಗಾತ್ರದ ದೋಷ. ಸಾಮಾನ್ಯ ಜಾಲದಲ್ಲಿ ಒಂದು ಪೊಟ್ಟಣದ ಮಿತಿ 1500 ಬೈಟ್. ಹೊರಲಕೋಟೆಯ ಭಾರವನ್ನು ಇದರಿಂದ ಕಳೆಯದೆ ಬಿಟ್ಟರೆ ಚಿಕ್ಕ ಪೊಟ್ಟಣಗಳು ದಾಟಿ ದೊಡ್ಡವು ನಡುವೆಯೇ ಕಳೆದುಹೋಗುವುವು. ಪಿಂಗ್ ಎಂಬ ಪುಟ್ಟ ಪರೀಕ್ಷಾಸಂದೇಶ ಹೋಗುತ್ತದೆ, ಪುಟ ತೆರೆಯುವುದಿಲ್ಲ. ಈ ವಿಚಿತ್ರವನ್ನು ಕಂಡು ತಲೆಯ ಮೇಲೆ ಕೈಹೊತ್ತು ಕುಳಿತ ತಂತ್ರಜ್ಞರು ಎಲ್ಲ ದೇಶಗಳಲ್ಲಿಯೂ ಇರುವರು.

ಇಲ್ಲೊಂದು ಸಂಶಯವು ಸಹಜವಾಗಿಯೇ ಏಳುವುದು. ಉತಾರವೆಂಬುದು ಕೇಳಿದವರಿಗೆಲ್ಲ ಕೊಡುವ ಸಾರ್ವಜನಿಕ ದಾಖಲೆ, ಅದಕ್ಕೆ ಗುಪ್ತಪಥವೇಕೆ? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಸುರಂಗವು ಮಾತನ್ನು ಮರೆಮಾಡುವುದಷ್ಟೇ ಅಲ್ಲ, ಮಾತನ್ನಾಡಿದವರು ಯಾರೆಂಬುದನ್ನೂ ಆ ಮಾತು ದಾರಿಯಲ್ಲಿ ಬದಲಾಗಲಿಲ್ಲವೆಂಬುದನ್ನೂ ಪ್ರತಿಯೊಂದು ಪೊಟ್ಟಣದ ಮೇಲಣ ಮುದ್ರೆಯಿಂದ ಸಾಬೀತುಪಡಿಸುವುದು. ಬಾಗೇವಾಡಿಯ ಹೊಲವೊಂದರ ಖಾತೆ ಬದಲಾವಣೆಯ ಆದೇಶವು ನಿಜವಾಗಿಯೂ ಬಾಗೇವಾಡಿಯಿಂದಲೇ ಬಂದಿತೆಂಬ ಭರವಸೆಯು, ಅದು ಯಾರಿಗೂ ಕಾಣಿಸಲಿಲ್ಲವೆಂಬ ಭರವಸೆಗಿಂತ ರೈತನಿಗೆ ನೂರ್ಮಡಿ ಬೆಲೆಯುಳ್ಳದ್ದು. ಮೋಡಿಯ ಗುಟ್ಟು ಒಡೆಯನಿಂದಲೇ ಅವನ ಹೊಲವನ್ನು ಬಚ್ಚಿಟ್ಟಿತ್ತು. ಈ ಹೊಸ ಗುಟ್ಟು ಒಡೆಯನಿಗೆ ತೆರೆದಿದ್ದು ತಿದ್ದುವವನಿಗೆ ಮಾತ್ರ ಮುಚ್ಚಿರಬೇಕು. ಒಂದು ಮಿತಿಯನ್ನೂ ಮರೆಯುವಂತಿಲ್ಲ: ತುದಿಯಲ್ಲಿ ಕುಳಿತವನೇ ತಪ್ಪನ್ನು ಬರೆದರೆ ಸುರಂಗವು ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಕೊಂಡೊಯ್ಯುವುದು.

2005ರ ಮಾರ್ಚ್‌ನಲ್ಲಿ ಭಾರತ ಸರಕಾರವು 3,334 ಕೋಟಿ ರೂಪಾಯಿಗಳ ರಾಜ್ಯವ್ಯಾಪಿ ಜಾಲದ ಯೋಜನೆಗೆ ಒಪ್ಪಿಗೆಯಿತ್ತು, ರಾಜಧಾನಿಯಿಂದ ಜಿಲ್ಲೆಗೂ ಜಿಲ್ಲೆಯಿಂದ ತಾಲೂಕಿಗೂ ಕನಿಷ್ಠ 2 ಎಂಬಿಪಿಎಸ್ ಮಾರ್ಗವನ್ನು ವಿಧಿಸಿತು. ಕರ್ನಾಟಕದಲ್ಲಿ ಅದು ಕೆ-ಸ್ವಾನ್ ಆಯಿತು. ಬ್ಯಾಂಕುಗಳಿಗೂ ಇದೇ ಅವಶ್ಯಕತೆ ಒದಗಿತು: ವಿಜಾಪುರ ಗ್ರಾಮೀಣ ಬ್ಯಾಂಕು 2005ರಲ್ಲಿ ಇತರ ಮೂರರೊಂದಿಗೆ ಕೂಡಿ ಆಗ ಧಾರವಾಡ ಕೇಂದ್ರವಾಗಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಆದಮೇಲೆ, ಇಂಡಿಯ ಖಾತೆಯ ಜಮೆಯು ಇಂಡಿಯಲ್ಲಿಯೇ ಮುಗಿಯುವ ಕಾಲವೂ ಮುಗಿಯಿತು. ಬ್ರಾಡ್‌ಬ್ಯಾಂಡ್ ತಂತಿಯ ಮೇಲೆಯೇ ವಿಪಿಎನ್ ನೀಡುವ ಬಿಎಸ್‌ಎನ್‌ಎಲ್‌ನ ಸೇವೆಯು, ಸ್ವಂತ ತಂತಿಯ ಯೋಗ್ಯತೆಯಿಲ್ಲದ ಸಣ್ಣ ಕಚೇರಿಗಳಿಗೂ ಈ ಮಾರ್ಗವನ್ನು ಎಟಕಿಸಿತು.

ಹಾದಿ ಮಾತ್ರ ಹಳೆಯದೇ. ಹೆದ್ದಾರಿ ಅಗಲಗೊಳಿಸುವ ಜೆಸಿಬಿ ನೆಲದಡಿಯ ಬೆಳಕಿನೆಳೆಯ ತಂತಿಯಾದ ಓಎಫ್‌ಸಿಯನ್ನು ಕಡಿದರೆ, ಬೇಸಗೆಯಲ್ಲಿ ಕರೆಂಟು ಹೋಗಿ ಯುಪಿಎಸ್ ದಣಿದರೆ, ಕಿಟಕಿಯ ಮುಂದೆ ಸರತಿಯಲ್ಲಿ ನಿಂತವರಿಗೆ ‘ಸರ್ವರ್ ಇಲ್ರಿ, ನಾಳೆ ಬರ್ರಿ’ ಎಂಬ ಉತ್ತರ ಸಿಗುವುದು. ಸರ್ವರು ಬೆಂಗಳೂರಿನಲ್ಲಿ ಆರೋಗ್ಯವಾಗಿಯೇ ಇರುವುದು; ಅಪರಾಧಿಯು ಯಾವುದೋ ರಸ್ತೆಯ ಬದಿಯ ಗುಂಡಿಯೊಳಗಿರುವನು.

2018ರ ಸುಮಾರಿಗೆ ಹಳೆಯ ತಾಲೂಕುಗಳೇ ಒಡೆದುವು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರ್ಪಟ್ಟು, ಆಲಮಟ್ಟಿಯ ಅಣೆಕಟ್ಟು ನಿಡಗುಂದಿಯ ಪಾಲಿಗೆ ಬಂದಿತು. ಮುಂಬಯಿ ಆಡಳಿತದ ದಿನಗಳಲ್ಲಿ ಹೊಸ ಕಚೇರಿಯೆಂದರೆ ಮೊದಲು ಖಜಾನೆಯ ಕಬ್ಬಿಣದ ಬಾಗಿಲು, ಅನಂತರ ದಫ್ತರದ ಕಪಾಟು. ಈಗ ಅವುಗಳಿಗಿಂತ ಮುಂಚೆ ವಿಳಾಸಗಳ ಹೊಸ ಪಾಲು ಬೇಕು, ಹೊಸ ಕೀಲಿ ಬೇಕು. ಯಾವ ಗ್ರಾಮದ ದಾಖಲೆಯನ್ನು ಯಾವ ತುದಿಯು ತಿದ್ದಬಹುದೆಂಬ ಪಟ್ಟಿಯನ್ನೂ ಹೊಸದಾಗಿ ಬರೆಯಬೇಕು, ಹಳೆಯ ಕಚೇರಿಯ ಪಟ್ಟಿಯಿಂದ ಅದೇ ಗ್ರಾಮಗಳನ್ನು ತಪ್ಪದೆ ತೆಗೆದುಹಾಕಬೇಕು. ಸೇರಿಸುವ ಕೆಲಸವನ್ನು ಎಲ್ಲರೂ ಉತ್ಸಾಹದಿಂದ ಮಾಡುವರು. ತೆಗೆಯುವ ಕೆಲಸಕ್ಕೆ ಪ್ರತ್ಯೇಕವಾಗಿ ಒಬ್ಬರನ್ನು ನೇಮಿಸುವುದೇ ಲೇಸು.