ಹಗೇವಿನ ಬಾಯಿ

ಹಳೇ ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ದೊಡ್ಡ ಚಪ್ಪಡಿ ಕಲ್ಲಿದೆ. ಬಂದವರು ಅದರ ಮೇಲೆ ಚಾಪೆ ಹಾಸಿಕೊಂಡು ಕುಳಿತು, ಚಹಾ ಕುಡಿದು ಹೋಗುತ್ತಾರೆ. ಕೆಳಗೆ ಹತ್ತು ಅಡಿ ಆಳದ ಪೊಳ್ಳಿದೆಯೆಂದು ಅವರಿಗೆ ಗೊತ್ತಾಗುವುದೇ ಇಲ್ಲ. ಅದು ನಮ್ಮ ಮನೆಯ ಹಗೇವು.

ಹೋದ ಬೇಸಿಗೆಯಲ್ಲಿ ಮಗ ಅದಕ್ಕೊಂದು ನಕ್ಷೆ ಬರೆದು ತಂದ. "ಅವ್ವಾ, ಸುಮ್ಮನ ಖಾಲಿ ಬಿದ್ದೈತಿ. ಅಗಲ ಮಾಡಿ, ಟೈಲ್ಸ್ ಹಾಕಿಸಿ, ಓದೂ ಖೋಲಿ ಮಾಡೂಣು. ಬ್ಯಾಸಗ್ಯಾಗ ತಂಪ ಇರ್ತೈತಿ" ಎಂದ. ನನಗೂ ಆಸೆಯಾಯಿತು. ಜೋಳ ಹಸನು ಮಾಡುತ್ತಿದ್ದ ಅತ್ತೆಯವರು ಮಾತ್ರ ಮರದಿಂದ ತಲೆ ಎತ್ತದೆ, "ಅದರ ಬಾಯಿ ತೆರೀಬ್ಯಾಡ್ರಿ" ಎಂದರು.

ಈಗಿನ ಹೆಣ್ಣುಮಕ್ಕಳಿಗೆ ಹಗೇವು ಎಂದರೇನೆಂದು ಹೇಳಲೇಬೇಕು. ಗಟ್ಟಿಯಾದ ಗರಸು ನೆಲ ನೋಡಿ, ಗಡಿಗೆಯ ಆಕಾರದಲ್ಲಿ ತೋಡಿದ ಕಣಜವದು. ಬಾಯಿ ಕಿರಿದು, ಹೊಟ್ಟೆ ಅಗಲ. ತಳಕ್ಕೂ ಸುತ್ತಲೂ ಒಣಹುಲ್ಲು, ಕಣಿಕೆ ಕೊಟ್ಟು ಜೋಳ ಸುರಿದು, ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ನಮ್ಮದು 60 ಚೀಲ ಹಿಡಿಯುತ್ತಿತ್ತಂತೆ. ಕಾಳೂ ಉಸಿರಾಡುತ್ತದೆ. ಮುಚ್ಚಿದ ಕುಣಿಯಲ್ಲಿ ಅದು ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈ ಆಕ್ಸೈಡನ್ನು ತುಂಬುತ್ತದೆ. ಆ ಗಾಳಿಯಲ್ಲಿ ಹುಳ ಬದುಕುವುದಿಲ್ಲ. ಔಷಧವಿಲ್ಲದೆ ವರ್ಷಗಟ್ಟಲೆ ಕಾಳು ಉಳಿಯುತ್ತಿದ್ದ ಗುಟ್ಟು ಇಷ್ಟೇ.

ಇಷ್ಟು ಕಾಳನ್ನು ನೆಲದಲ್ಲಿ ಹುಗಿಯುವ ಗರಜು ಏನಿತ್ತು? 1791-92ರಲ್ಲಿ ಈ ಸೀಮೆಗೆ ಡೋಗಿ ಬರ ಬಂತು. ಹುಗಿಯುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದರಿಂದ ಅದಕ್ಕೆ ಆ ಹೆಸರು. ಮುಂದೆ 1876-78ರಲ್ಲಿ ಮತ್ತೊಂದು ಭೀಕರ ಬರ. ಬರಗಾಲ ಕಂಡ ಸೀಮೆಯಲ್ಲಿ ಒಂದು ಸುಗ್ಗಿಯ ಕಾಳನ್ನು ನಾಲ್ಕು ವರ್ಷಕ್ಕೆ ಕಾಯ್ದಿಡುವುದೇ ಮನೆತನದ ಜಾಣತನವಾಗಿತ್ತು. ಎರಡನೆಯ ಬರದ ಬೆನ್ನಿಗೆ, 1882ರಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹುಬ್ಬಳ್ಳಿಗೆ ರೈಲು ಬಂದಿತು, ಕಾಳು ಊರಿಂದೂರಿಗೆ ಓಡಾಡತೊಡಗಿತು. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾಗಿ ಸರಕಾರದ ಗೋದಾಮುಗಳು ಬಂದವು. 2013ರಲ್ಲಿ ಅನ್ನಭಾಗ್ಯದ ಅಕ್ಕಿ ಮನೆಮನೆಗೆ ಬಂತು. ಹಗೇವುಗಳು ಒಂದೊಂದಾಗಿ ಖಾಲಿಯಾದವು. ಹಲವನ್ನು ಮಣ್ಣು ತುಂಬಿ ಮುಚ್ಚಿದರು.

ಆ ರಾತ್ರಿ ಅತ್ತೆಯವರು ತಾವಾಗಿಯೇ ಬಾಯಿಬಿಟ್ಟರು. ಅವರಿಗೆ ಆಗ ಏಳು ವರ್ಷ. ತವರಿನಲ್ಲಿ ಅಕ್ಕನ ಮದುವೆಗೆಂದು ಹಗೇವು ತೆರೆದರು. ತೆರೆದ ಮೇಲೆ ಗಾಳಿ ಆಡಲು ಬಿಡಬೇಕು, ಕಂದೀಲು ಇಳಿಬಿಟ್ಟು ನೋಡಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಮದುವೆಯ ಗಡಿಬಿಡಿ. ದೊಡ್ಡಣ್ಣ ಬುಟ್ಟಿ ಹಿಡಿದು ಇಳಿದುಬಿಟ್ಟ, ಕೂಗಿದರೆ ಓಗೊಡಲಿಲ್ಲ. ಅವನನ್ನು ಎತ್ತಲು ಇಳಿದ ಆಳೂ ಮೇಲೆ ಬರಲಿಲ್ಲ. "ಅದ ಜ್ವಾಳ ಆಮ್ಯಾಲೆ ದಿನಕ್ಕೂ ಉಂಡ್ವಿ. ಏನ್ ಮಾಡೂದು, ಹೊಟ್ಟಿ ಕೇಳತೈತೇನು?" ಎಂದು ಸುಮ್ಮನಾದರು. ಮೂವತ್ತು ವರ್ಷ ಅವರೊಡನೆ ಬಾಳಿದ ನನಗೆ ಇದು ತಿಳಿದಿರಲಿಲ್ಲ.

ಮಗನ ನಕ್ಷೆಯನ್ನು ಮತ್ತೆ ತೆಗೆದು ನೋಡಿದೆ. ಬಣ್ಣ, ಟೈಲ್ಸ್, ದೀಪ ಎಲ್ಲ ಇದ್ದವು. ಗಾಳಿ ಎಲ್ಲಿಂದ ಬರಬೇಕು, ನೀರು ಎಲ್ಲಿಗೆ ಹೋಗಬೇಕು ಎಂಬುದು ಇರಲಿಲ್ಲ. ಹಗೇವು ಗಾಳಿಯನ್ನು ಹೊರಗಿಡಲು ಹುಟ್ಟಿದ್ದು; ಕೋಣೆಗೆ ಗಾಳಿಯೇ ಪ್ರಾಣ. ಒಂದೇ ಕುಣಿಗೆ ಎರಡು ವಿರುದ್ಧ ಧರ್ಮ. ನೆಲ ಹೆಪ್ಪುಗಟ್ಟುವ ಶೀತ ದೇಶಗಳಲ್ಲಿ ಬುನಾದಿಯನ್ನು ಆ ಹೆಪ್ಪಿಗಿಂತ ಕೆಳಗೆ ಇಳಿಸಲೇಬೇಕು. ಹೇಗೂ ತೋಡಿದ ಜಾಗ ಅಲ್ಲಿ ನೆಲಮಾಳಿಗೆಯಾಗುತ್ತದೆ. ನಮಗೆ ಆ ಕಾರಣವಿಲ್ಲ. ಮೇಲಾಗಿ ಹುಬ್ಬಳ್ಳಿಯ ಸುತ್ತ ಎರೆ ಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಗೋಡೆಯನ್ನೇ ಸೀಳುತ್ತದೆ.

ಗೌಂಡಿಯನ್ನು ಕರೆಸಿದೆವು. ಮೊದಲು ಊದುವ ಫ್ಯಾನು ಹಚ್ಚಿ ಎರಡು ದಿನ ಗಾಳಿ ಹೊಡೆಸಿದರು. ಕಂದೀಲು ಉರಿದ ಮಾತ್ರಕ್ಕೆ ಒಳಗಿನ ಗಾಳಿ ಚೊಕ್ಕವೆಂದು ನಂಬಬಾರದು, ಅದಕ್ಕೇ ಇಳಿದವರ ನಡುವಿಗೆ ಹಗ್ಗವಿತ್ತು, ಮೇಲೆ ಇಬ್ಬರು ಹಿಡಿದು ನಿಂತಿದ್ದರು. ಗೌಂಡಿ ಅಳತೆ ಮಾಡಿ, "ಬಾಯೇರ, ಅಗಲ ಮಾಡಿದ್ರ ನಡುಗ್ವಾಡಿ ಬುನಾದಿ ಸಡಲ ಆಕ್ಕೈತಿ. ಈಗ ಏನೂ ಕಟ್ಟಬ್ಯಾಡ್ರಿ, ಒಂದು ಮಳಗಾಲ ನೋಡ್ರಿ" ಎಂದ. ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿಸಿ ಕಾಯ್ದೆವು. ಶ್ರಾವಣದ ಹೊತ್ತಿಗೆ ಒಳಗೋಡೆಗಳು ಬೆವರಿ, ತಳದಲ್ಲಿ ಗೇಣು ನೀರು ನಿಂತಿತು. ಮಗ ನಕ್ಷೆ ಮಡಚಿಟ್ಟ. ಓದುವ ಕೋಣೆ ಈಗ ಮಾಳಿಗೆಯ ಮೇಲಾಗಿದೆ.

ಮನೆಯ ಕೆಳಗೆ ಏನಾದರೂ ಕಟ್ಟಿಸಬೇಕೆಂದಿರುವ ಸೋದರಿಯರಿಗೆ ನನ್ನದು ಒಂದೇ ಮಾತು: ಟೈಲ್ಸ್ ಅಂಗಡಿಗೆ ಹೋಗುವ ಮೊದಲು ಒಂದು ಮಳೆಗಾಲ ತಡೆಯಿರಿ, ಮನೆಯ ಹಿರಿಯರನ್ನು ಒಂದು ರಾತ್ರಿ ಕೂಡಿಸಿಕೊಂಡು ಕೇಳಿರಿ.

ನೀರು ಇಂಗಿದ ಮೇಲೆ ಗೌಂಡಿ ಹಗೇವಿಗೆ ಗರಸು ತುಂಬಿ ಧಮ್ಮಸ ಮಾಡಿದ. ಚಪ್ಪಡಿಯನ್ನು ಮತ್ತೆ ಅದರ ಜಾಗಕ್ಕೇ ಕೂಡಿಸಿದೆವು. ಅತ್ತೆಯವರು ಈಗ ಅದರ ಮೇಲೆ ಕುಳಿತು ಜೋಳ ಹಸನು ಮಾಡುತ್ತಾರೆ. ಇಷ್ಟು ವರ್ಷ ಅವರು ಆ ಕಲ್ಲಿನ ಮೇಲೆ ಕುಳಿತದ್ದನ್ನು ನಾನು ಕಂಡೇ ಇರಲಿಲ್ಲ.